ಕಾಣದ ಓದುಗರಿಗೆ ಬರೆಯುವ ಕಲಿಕೆ: ಹಂಪಿ ಪರಿಸರದ ಬರವಣಿಗೆಯಲ್ಲಿ ‘ಎಂಬ’, ‘ಇಲ್ಲಿ’, ‘ನಮ್ಮ’

ಸಾರಾಂಶ

ಅಂತರಜಾಲದ ಬರವಣಿಗೆಯು ಕನ್ನಡ ಲೇಖಕರ ಮುಂದೆ ಹಿಂದೆಂದೂ ಇಲ್ಲದ ಓದುಗವರ್ಗವೊಂದನ್ನು ತಂದು ನಿಲ್ಲಿಸಿದೆ ಎಂಬ ಮಾತು ಈಗ ಸಾಮಾನ್ಯವಾಗಿದೆ. ಪ್ರಸ್ತುತ ಲೇಖನವು ಈ ಮಾತನ್ನು ಚಾರಿತ್ರಿಕವಾಗಿ ಪರಿಶೀಲಿಸುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಬರವಣಿಗೆಯು ಕಾಣದ ಓದುಗರನ್ನು ಶಾಸನ, ಕೈಫಿಯತ್ತು, ಮುದ್ರಣ ಎಂಬ ಮೂರು ಘಟ್ಟಗಳಲ್ಲಿ ಈಗಾಗಲೇ ಎದುರಿಸಿದೆ. ಪ್ರತಿ ಘಟ್ಟದಲ್ಲಿಯೂ ಬರೆಯುವವರು ಕಲಿಯಬೇಕಾಗಿ ಬಂದದ್ದು ಶಿಷ್ಟ ಭಾಷೆಯನ್ನಲ್ಲ, ಸನ್ನಿವೇಶಸೂಚಕ ಪದಗಳ ನಿರ್ವಹಣೆಯನ್ನು ಎಂಬುದು ಇಲ್ಲಿಯ ವಾದ. ಬರವಣಿಗೆಯ ಬೋಧನೆಯಲ್ಲಿ ಈ ಎರಡನ್ನೂ ಒಂದೆಂದು ಭಾವಿಸಿರುವುದರಿಂದ ಆಗುತ್ತಿರುವ ನಷ್ಟವನ್ನು ಲೇಖನದ ಕೊನೆಯ ಭಾಗಗಳು ಚರ್ಚಿಸುತ್ತವೆ.

1. ಪ್ರಶ್ನೆಯ ನೆಲೆ

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ‘ಡ್ಯಾಂ ಕಡೆ ಹೋಗುವ ಬಸ್ಸು ಯಾವುದು’ ಎಂದು ಕೇಳಿದರೆ, ಯಾವ ಡ್ಯಾಂ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಕಂಪ್ಲಿಯ ಸುತ್ತಮುತ್ತ ‘ಕ್ಯಾಂಪು’ ಎಂದರೆ ಕಾಲುವೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು. ಸಂಡೂರಿನಲ್ಲಿ ‘ಗುಡ್ಡ’ ಎಂದರೆ ಬರಿಯ ಗುಡ್ಡವಲ್ಲ, ಅದಿರಿರುವ ಗುಡ್ಡ. ನಾಲ್ಕೂ ಊರುಗಳಲ್ಲಿ ‘ಹೊಳಿ’ ಎಂದರೆ ತುಂಗಭದ್ರೆ. ಈ ಪದಗಳು ನಿಘಂಟಿನಲ್ಲಿ ಸಾಮಾನ್ಯನಾಮಗಳು. ಊರವರ ಬಾಯಲ್ಲಿ ಅವು ಅಂಕಿತನಾಮಗಳಂತೆ ವರ್ತಿಸುತ್ತವೆ. ಕೇಳುವವರು ಎದುರಿಗಿರುವವರೆಗೆ, ಅವರೂ ಅದೇ ನೆಲದವರಾಗಿರುವವರೆಗೆ ಇದರಿಂದ ಯಾವ ತೊಡಕೂ ಇಲ್ಲ. ಅದೇ ಮಾತು ಬರಹವಾಗಿ ಬೀದರಿನಲ್ಲಿಯೋ ಕಾಸರಗೋಡಿನಲ್ಲಿಯೋ ಓದುವವರ ಕೈಗೆ ಹೋದಾಗ ತೊಡಕು ಹುಟ್ಟುತ್ತದೆ.

ಬರೆಯುವವರ ಮುಂದಿರುವ ಓದುಗರು ಯಾವಾಗಲೂ ಕಲ್ಪಿತರೇ ಎಂದು ವಾಲ್ಟರ್ ಆಂಗ್ 1975ರಲ್ಲಿ ವಾದಿಸಿದರು. ಮಾತನಾಡುವವರು ತಮ್ಮ ಶೈಲಿಯನ್ನು ಕೇಳುಗರಿಗೆ ತಕ್ಕಂತೆ ರೂಪಿಸಿಕೊಳ್ಳುತ್ತಾರೆ ಎಂಬ ತತ್ತ್ವವನ್ನು ಅಲನ್ ಬೆಲ್ 1984ರಲ್ಲಿ ಮಂಡಿಸಿದರು. ಈ ಎರಡು ವಿಚಾರಗಳನ್ನು ಜೋಡಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕಲ್ಪಿತ ಓದುಗರಿಗಾಗಿ ಭಾಷೆಯನ್ನು ರೂಪಿಸಿಕೊಳ್ಳುವಾಗ ಕನ್ನಡದ ಬರಹಗಾರರು ಭಾಷೆಯ ಯಾವ ಅಂಗವನ್ನು ಬದಲಾಯಿಸುತ್ತಾರೆ, ಯಾವುದನ್ನು ಬದಲಾಯಿಸಲೇಬೇಕು? ನಮ್ಮ ಶಾಲೆ ಕಾಲೇಜುಗಳು ಕೊಟ್ಟುಕೊಂಡು ಬಂದಿರುವ ಉತ್ತರ ಒಂದೇ: ಆಡುಮಾತನ್ನು ಬಿಟ್ಟು ಗ್ರಂಥಭಾಷೆಗೆ ಬರಬೇಕು. ಈ ಪ್ರದೇಶದ ಬರವಣಿಗೆಯ ಚರಿತ್ರೆ ಕೊಡುವ ಉತ್ತರ ಬೇರೆ.

2. ಕಲ್ಲಿನ ಓದುಗರು

ಶಾಸನವು ಕಾಣದ ಓದುಗರಿಗಾಗಿಯೇ ಹುಟ್ಟಿದ ಪ್ರಕಾರ. ಅದನ್ನು ಬರೆಸಿದವರಿಗೆ ತಮ್ಮ ಕಾಲದವರಿಗಿಂತ ಮುಂದೆ ಬರುವವರ ಚಿಂತೆಯೇ ಹೆಚ್ಚು. ದಾನ ಕೊಟ್ಟ ಭೂಮಿಯನ್ನು ಇಂದಿನವರು ಬಲ್ಲರು. ನಾಳೆ ಅದನ್ನು ಕಿತ್ತುಕೊಳ್ಳಬಹುದಾದವರು ಬಲ್ಲರೇ ಎಂಬುದು ಶಾಸನದ ಆತಂಕ.

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ 1510ರ ಶಾಸನವು ಅವನ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಅದರಲ್ಲಿ ಸಂಸ್ಕೃತ ಶ್ಲೋಕಗಳೂ ಕನ್ನಡ ಗದ್ಯವೂ ಇವೆ. ಇಂಥ ಶಾಸನಗಳಲ್ಲಿ ಸಂಸ್ಕೃತವು ಪ್ರಶಸ್ತಿಯ ಭಾಷೆಯಾಗಿಯೂ ದೇಶಭಾಷೆಯು ದಾಖಲೆಯ ಭಾಷೆಯಾಗಿಯೂ ಕೆಲಸ ಹಂಚಿಕೊಂಡಿರುವುದನ್ನು ಶೆಲ್ಡನ್ ಪೊಲಾಕ್ 2006ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಈ ಹಂಚಿಕೆಗೆ ಓದುಗರ ದೃಷ್ಟಿಯಿಂದ ಇನ್ನೊಂದು ಅರ್ಥವಿದೆ. ಪ್ರಶಸ್ತಿಯನ್ನು ಎಲ್ಲಿ ನಿಂತು ಓದಿದರೂ ಅರ್ಥವಾಗುತ್ತದೆ. ಭೂಮಿಯ ಎಲ್ಲೆಯನ್ನು ಮಾತ್ರ ಆ ನೆಲದ ಮೇಲೆ ನಿಂತೇ ಓದಬೇಕು. ಆದ್ದರಿಂದ ದಾನಶಾಸನಗಳ ಎಲ್ಲೆಯ ವಿವರಣೆಯಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂಬ ದಿಕ್ಕುಗಳೂ ಹಳ್ಳ, ಹುಣಸೆಮರ, ನಟ್ಟ ಕಲ್ಲು ಎಂಬ ಗುರುತುಗಳೂ ಜನರ ಆಡುಮಾತಿನ ಪದಗಳಲ್ಲಿಯೇ ಬರುತ್ತವೆ. ಅಲ್ಲಿ ‘ಈ ಕಡೆ’, ‘ಆ ಕಡೆ’ ಎಂದು ಬರೆದರೆ ಶಾಸನವೇ ನಿಷ್ಫಲವಾಗುತ್ತಿತ್ತು. ಕಾಲದ ವಿಚಾರದಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಒಂದರ ಮೇಲೊಂದು ಹೇಳುವುದು ಕೇವಲ ಆಡಂಬರವಲ್ಲ. ‘ಈಗ’ ಎಂಬ ಪದ ಮುಂದಿನ ಓದುಗರಿಗೆ ಏನನ್ನೂ ಹೇಳದು ಎಂಬ ಅರಿವು ಅದರ ಹಿಂದಿದೆ.

ವಿಜಯನಗರ ಕಾಲದ ಕನ್ನಡ ಶಾಸನಗದ್ಯದಲ್ಲಿ ಮತ್ತೆ ಮತ್ತೆ ಕಾಣುವ ಎರಡು ರೂಪಗಳು ಇಲ್ಲಿ ಗಮನಾರ್ಹ. ಮೊದಲನೆಯದು ಊರು ಕೆರೆಗಳ ಹೆಸರಿನ ಮುಂದೆ ಬರುವ ‘ಎಂಬ’. ಎರಡನೆಯದು ವಿವರಣೆಯ ಬಾಗಿಲಲ್ಲಿ ನಿಲ್ಲುವ ‘ಕ್ರಮವೆಂತೆಂದರೆ’. ಎರಡೂ ‘ಎನ್’ ಧಾತುವಿನಿಂದ ಬಂದವು. ‘ಎಂಬ’ ಎಂದಾಗ, ಈ ಹೆಸರು ನಿಮಗೆ ತಿಳಿಯದಿರಬಹುದು, ಇಲ್ಲಿಯವರು ಹೀಗೆ ಕರೆಯುತ್ತಾರೆ ಎಂದು ಬರಹವು ಒಪ್ಪಿಕೊಳ್ಳುತ್ತದೆ. ‘ಎಂತೆಂದರೆ’ ಎಂದಾಗ, ಹೇಗೆ ಎಂದು ನೀವು ಕೇಳಿದರೆ ಎಂಬ ಭಾವವಿರುತ್ತದೆ. ಇಲ್ಲದ ಓದುಗರ ಬಾಯಿಂದ ಪ್ರಶ್ನೆಯೊಂದನ್ನು ಹೊರಡಿಸಿ ಅದಕ್ಕೆ ಉತ್ತರ ಕೊಡುವ ಉಪಾಯವಿದು. ‘ಏಕೆಂದರೆ’, ‘ಅಂದರೆ’ ಎಂಬ ಇಂದಿನ ಸಂಬಂಧಸೂಚಕಗಳೂ ಇದೇ ಕುಲದವು. ಕಾಣದ ಓದುಗರೊಂದಿಗೆ ವ್ಯವಹರಿಸಲು ಕನ್ನಡವು ರೂಢಿಸಿಕೊಂಡ ಸಾಧನಗಳಲ್ಲಿ ಬಹುಪಾಲು ‘ಹೇಳು’ ಎಂಬರ್ಥದ ಕ್ರಿಯೆಯಿಂದಲೇ ಬಂದಿರುವುದು ಆಕಸ್ಮಿಕವಲ್ಲ. ಎದುರಿಗಿಲ್ಲದವರನ್ನು ಮಾತಿಗೆ ಕರೆತರುವ ಕೆಲಸವನ್ನು ಮಾತಿನ ಕ್ರಿಯೆಯೇ ವಹಿಸಿಕೊಂಡಿದೆ. ತೆಲುಗಿನ ‘ಅನೇ’ ಕೂಡ ಇದೇ ಕೆಲಸ ಮಾಡುತ್ತದೆ. ಇದು ದ್ರಾವಿಡ ಭಾಷೆಗಳು ಹಂಚಿಕೊಂಡ ರಚನೆ.

ಶಾಪಾಶಯದ ಭಾಗದಲ್ಲಿ ಓದುಗರನ್ನು ಸಂಬೋಧಿಸುವ ಬಗೆಯೂ ವಿಶಿಷ್ಟವಾದುದು. ‘ನೀನು ತಪ್ಪಿದರೆ’ ಎನ್ನದೆ ‘ತಪ್ಪಿದವರು’ ಎಂಬ ಕೃದಂತನಾಮವನ್ನು ಬಳಸಲಾಗುತ್ತದೆ. ಓದುವವರು ಅರಸರೋ ಶಾನುಭೋಗರೋ ತಿಳಿಯದು. ಮಧ್ಯಮಪುರುಷವನ್ನು ಬಳಸಿದರೆ ಗೌರವದ ಮಟ್ಟವನ್ನು ನಿರ್ಧರಿಸಬೇಕಾಗುತ್ತದೆ. ಕೃದಂತನಾಮವು ಆ ನಿರ್ಧಾರವನ್ನು ಓದುವವರಿಗೇ ಬಿಡುತ್ತದೆ.

ಇದೇ ಹಂಪೆಯ ಕವಿ ಹರಿಹರನ ಉದಾಹರಣೆಯು ಇನ್ನೊಂದು ಪಾಠವನ್ನು ಕಲಿಸುತ್ತದೆ. ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ಬರೆದವನು ಶರಣರ ಕಥೆಗಳಿಗೆ ರಗಳೆಯನ್ನು ಆರಿಸಿಕೊಂಡನು. ಒಬ್ಬನೇ ಕವಿ, ಒಂದೇ ಭಕ್ತಿ. ಆದರೆ ಕೇಳುವವರು ಬೇರೆಯಾದಾಗ ಪ್ರಕಾರವೇ ಬೇರೆಯಾಯಿತು. ಓದುಗರನ್ನು ನೆನೆದು ಬರೆಯುವುದೆಂದರೆ ಭಾಷೆಯನ್ನು ಏರಿಸುವುದೇ ಆಗಬೇಕಿಲ್ಲ ಎಂಬುದಕ್ಕೆ ಈ ನೆಲದಲ್ಲಿಯೇ ಹಳೆಯ ಸಾಕ್ಷಿಯಿದೆ.

3. ಕಾಗದದ ಓದುಗರು

ದೂರದ ಓದುಗರಿಗಾಗಿ ವಿಜಯನಗರವನ್ನು ವರ್ಣಿಸಿದವರಲ್ಲಿ ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ಫರ್ನಾವೊ ನ್ಯೂನಿಜ್ ಪ್ರಸಿದ್ಧರು. ಪಾಯೆಸ್ ನಗರದ ವಿಸ್ತಾರವನ್ನು ಹೇಳಲು ರೋಮ್ ನಗರವನ್ನು ಹೋಲಿಕೆಗೆ ತರುತ್ತಾನೆ. ತಿಳಿಯದುದನ್ನು ತಿಳಿದುದರ ಮೂಲಕ ತೋರಿಸುವ ಈ ಕ್ರಮವು ಪ್ರವಾಸಕಥನದ ಸಹಜ ಧರ್ಮ. ಊರಿನೊಳಗಿನವರು ಹೊರಗಿನ ಓದುಗರಿಗೆ ಬರೆಯಬೇಕಾಗಿ ಬಂದಾಗ ಏನಾಯಿತು ಎಂಬುದನ್ನು ತಿಳಿಯಲು ಕೈಫಿಯತ್ತುಗಳನ್ನು ನೋಡಬೇಕು.

1799ರಲ್ಲಿ ಹಂಪಿಯ ಅವಶೇಷಗಳ ನಕ್ಷೆಯನ್ನು ಸಿದ್ಧಪಡಿಸಿದ ಕಾಲಿನ್ ಮೆಕೆಂಜಿ ಮುಂದೆ ತನ್ನ ಸಹಾಯಕರ ಮೂಲಕ ದಕ್ಷಿಣ ಭಾರತದ ಊರೂರುಗಳ ಸ್ಥಳವೃತ್ತಾಂತಗಳನ್ನು ಬರೆಸಿ ಸಂಗ್ರಹಿಸಿದನು. ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತ್ತು. ಹೊಸ ಆಳ್ವಿಕೆಗೆ ಊರಿನ ಚರಿತ್ರೆ, ಭೂಮಿ, ಇನಾಮು, ದೇವಸ್ಥಾನಗಳ ವಿವರ ಬೇಕಿತ್ತು. ಈ ಸಂಗ್ರಹದ ಕನ್ನಡ ಬರಹಗಳನ್ನು ಎಂ. ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಲ್ಲಿ ಸಂಪಾದಿಸಿದರು. 1994ರಲ್ಲಿ ಅದನ್ನು ಪ್ರಕಟಿಸಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ.

ಸಾಹಿತ್ಯಚರಿತ್ರೆಗಳಲ್ಲಿ ಕೈಫಿಯತ್ತಿಗೆ ದೊರೆಯುವ ಸ್ಥಾನ ಚಿಕ್ಕದು. ಬರವಣಿಗೆಯ ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು. ಅದರ ವಾಕ್ಯಗಳು ಉದ್ದವಾದವು, ಒಂದು ಅಪೂರ್ಣಕ್ರಿಯೆಗೆ ಮತ್ತೊಂದನ್ನು ಕೋದು ಸಾಗುವಂಥವು. ಕಥೆ ಹೇಳುವವರ ಉಸಿರು ಅವುಗಳಲ್ಲಿದೆ. ಪಾರಸಿ ಮರಾಠಿ ಮೂಲದ ಆಡಳಿತಪದಗಳು ಧಾರಾಳವಾಗಿ ಬರುತ್ತವೆ. ಶಾಲೆಯ ವ್ಯಾಕರಣದ ಕಣ್ಣಿಗೆ ಇದು ‘ಅಶುದ್ಧ’ ಗದ್ಯ. ಹಾಗಿದ್ದರೂ ಇನ್ನೂರು ವರ್ಷಗಳ ನಂತರ ಓದುವ ನಮಗೆ ಅದರ ಮುಖ್ಯ ವಿಷಯ ತಿಳಿಯುತ್ತದೆ. ಅದನ್ನು ಬರೆದವರಿಗೆ ತಮ್ಮ ಓದುಗರು ಹೊರಗಿನವರು ಎಂಬ ಅರಿವು ಸದಾ ಇತ್ತು. ಊರನ್ನು ಹೇಳುವ ಮೊದಲು ತಾಲೂಕನ್ನು ಹೇಳುವುದು, ಅರಸನ ಹೆಸರಿನ ಜೊತೆಗೆ ಅವನು ಯಾರ ಮಗನೆಂದು ಹೇಳುವುದು, ಸ್ಥಳನಾಮದ ಹಿಂದಿನ ಐತಿಹ್ಯವನ್ನು ಬಿಡಿಸುವುದು ಈ ಅರಿವಿನ ಫಲಗಳು. ಆಡುಮಾತಿನ ಲಯವನ್ನು ಉಳಿಸಿಕೊಂಡೇ ದೂರದ ಓದುಗರನ್ನು ಮುಟ್ಟಬಹುದು ಎಂಬುದನ್ನು ಹೆಸರಿಲ್ಲದ ಈ ಕರಣಿಕರು ಮೊದಲೇ ತೋರಿಸಿಕೊಟ್ಟಿದ್ದಾರೆ.

4. ಅಚ್ಚಿನ ಓದುಗರು

ಹೊಸಪೇಟೆ, ಹಂಪಿ, ಕಂಪ್ಲಿಗಳೆಲ್ಲ ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯ ಕೇಂದ್ರವು ಕನ್ನಡ ಮುದ್ರಣದ ಆರಂಭದ ನೆಲೆಗಳಲ್ಲಿ ಒಂದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದನು. ಅಲ್ಲಿ ಮಿಷನ್ನಿನ ಮುದ್ರಣಾಲಯವೂ ಸ್ಥಾಪಿತವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮರುವರ್ಷ, ಅಂದರೆ 1844ರಲ್ಲಿ, ಅದು ಬಳ್ಳಾರಿಗೆ ಬಂದು ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡು ‘ಕಂನಡ ಸಮಾಚಾರ’ವೆಂಬ ಹೆಸರು ಪಡೆಯಿತು.

ಪತ್ರಿಕಾಚರಿತ್ರೆಯಲ್ಲಿ ಈ ಸ್ಥಳಾಂತರವನ್ನು ತಾಂತ್ರಿಕ ಅನುಕೂಲವೆಂದು ಹೇಳುವುದು ರೂಢಿ. ಭಾಷಾಚರಿತ್ರೆಯ ದೃಷ್ಟಿಯಿಂದ ಹೆಸರಿನ ಬದಲಾವಣೆಯೇ ಮುಖ್ಯ. ಮೊದಲ ಹೆಸರಿನಲ್ಲಿ ಓದುಗರನ್ನು ಗುರುತಿಸಿದ್ದು ಊರಿನಿಂದ, ಎರಡನೆಯದರಲ್ಲಿ ಭಾಷೆಯಿಂದ. ಘಟ್ಟದ ಮೇಲಿನ ಸೀಮೆಗಳ ಓದುಗರು ಸೇರಿದೊಡನೆ ‘ಇಲ್ಲಿಯ ಸುದ್ದಿ’ ಎಂಬುದಕ್ಕೆ ಅರ್ಥವೇ ಉಳಿಯಲಿಲ್ಲ. ಎಲ್ಲಿಯ ಸುದ್ದಿ ಎಂಬುದನ್ನು ಪ್ರತಿಸಲವೂ ಹೇಳಬೇಕಾಯಿತು. ಕನ್ನಡವನ್ನು ಓದುವವರು ಎಂಬ ಒಂದು ಗುಂಪು, ಒಬ್ಬರನ್ನೊಬ್ಬರು ಕಾಣದವರ ಗುಂಪು, ಪತ್ರಿಕೆಯ ಶೀರ್ಷಿಕೆಯಲ್ಲಿಯೇ ಮೂಡಿತು.

ಆದರೆ ಆ ಗುಂಪಿನೊಳಗೆ ಯಾರ ಕನ್ನಡ ನಡೆಯಬೇಕು ಎಂಬ ಪ್ರಶ್ನೆ ಹಿಂದೆಯೇ ಬಂದಿತು. ಸಂಡೂರು ಮರಾಠಿ ಮಾತೃಭಾಷೆಯ ಘೋರ್ಪಡೆ ಮನೆತನದ ಸಂಸ್ಥಾನವಾಗಿ 1949ರವರೆಗೆ ಪ್ರತ್ಯೇಕವಾಗಿತ್ತು. ಸುತ್ತಲಿನ ಜಿಲ್ಲೆ ಮದರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದರೊಂದಿಗೆ ಪಠ್ಯಪುಸ್ತಕದ ಕನ್ನಡವೂ ಹಳೆಯ ಮೈಸೂರಿನ ಕಡೆಯಿಂದ ಬಂದಿತು. ‘ಊರಾಗ’ ಎನ್ನುವ ಮಗು ‘ಊರಿನಲ್ಲಿ’ ಎಂದು ಬರೆಯುವುದನ್ನು ಕಲಿಯಿತು. ಅದು ತಪ್ಪಲ್ಲ. ಆದರೆ ಬರೆಯುವುದನ್ನು ಕಲಿಯುವುದು ಎಂದರೆ ಇದೇ ಎಂಬ ಭಾವನೆ ಬಲವಾಗಿ ಬೇರೂರಿತು.

ಈ ಭಾವನೆಗೆ ಎದುರಾಗಿ ನಿಂತ ಬರಹಗಾರರು ಇದೇ ಸೀಮೆಯಲ್ಲಿ ಹುಟ್ಟಿದರು. ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ಬೀಚಿ ತಮ್ಮ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಉಳಿದುದನ್ನು ರೋಮನ್ ಲಿಪಿಯಲ್ಲಿಯೂ ಬರೆದರು. ಓದುವ ಕಣ್ಣನ್ನು ಒಂದು ಕ್ಷಣ ತಡೆದು ನಿಲ್ಲಿಸುವ ಸಹಿ ಅದು. ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದ ಅವರ ಅಂಕಣದ ಹೆಸರು ‘ನೀವು ಕೇಳಿದಿರಿ?’. ಶಾಸನದ ‘ಎಂತೆಂದರೆ’ ಕಲ್ಪಿಸಿಕೊಂಡ ಪ್ರಶ್ನೆಯನ್ನು ಇಲ್ಲಿ ನಿಜವಾದ ಓದುಗರೇ ಅಂಚೆಯ ಮೂಲಕ ಕಳುಹಿಸಿದರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಗಡಿಸೀಮೆಯ ಆಡುನುಡಿಯನ್ನು ಪಾತ್ರಗಳ ಮಾತಿಗಷ್ಟೇ ಸೀಮಿತಗೊಳಿಸದೆ ನಿರೂಪಣೆಗೂ ತಂದರು. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರರ ಪ್ರಬಂಧಸಂಗ್ರಹದ ಹೆಸರು ‘ನಮ್ಮಮ್ಮ ಅಂದ್ರೆ ನಂಗಿಷ್ಟ’. ಈ ಶೀರ್ಷಿಕೆಯ ಮೂರು ಪದಗಳೂ ಆಡುಮಾತಿನ ರೂಪಗಳು. ನಡುವಿನದು ‘ಎನ್’ ಧಾತುವಿನದೇ. ಈ ಮೂವರ ಬರಹವೂ ತಮ್ಮ ಊರಿನಾಚೆಗೆ ಹೋಯಿತು. ಓದುಗರು ದೂರದವರಾದರೆ ಭಾಷೆಯೂ ದೂರ ಸರಿಯಬೇಕೆಂಬ ನಿಯಮ ಅವರ ಪಾಲಿಗೆ ನಿಜವಾಗಲಿಲ್ಲ.

5. ತೆರೆಯ ಓದುಗರು

1991ನೆಯ ಇಸವಿಯಲ್ಲಿ ಎರಡು ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆದವು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. ಕನ್ನಡ ಲಿಪಿಯನ್ನೂ ಒಳಗೊಂಡ ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾಯಿತು. ಆದರೆ ಯೂನಿಕೋಡ್ ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅದುವರೆಗೆ ಕನ್ನಡದ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಟ್ಟು ಕೆಲಸ ನಡೆಸುತ್ತಿದ್ದವು. ಬರೆದವರ ಗಣಕದಲ್ಲಿದ್ದ ಅಕ್ಷರವಿನ್ಯಾಸ ಓದುವವರ ಗಣಕದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತಿತ್ತು. ಓದುಗರು ಬರೆಯುವವರಿಗೆ ಕಾಣದಿರುವುದು ಹಳೆಯ ಸಂಗತಿ. ಬರಹವೇ ಓದುಗರಿಗೆ ಕಾಣದಿರುವುದು ಹೊಸದು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಆಮೇಲೆ ಕೈಗೆ ಬಂದ ಮೊಬೈಲ್ ಫೋನಿನ ಕೀಲಿಮಣೆ, ಇವುಗಳ ಮೂಲಕ ತಡೆ ಒಂದೊಂದಾಗಿ ಸರಿಯಿತು.

ಈ ಬದಲಾವಣೆ ಪೂರ್ಣವಾಗಿ ದೋಷಮುಕ್ತವಲ್ಲ. ಹಳೆಯ ಶಾಸನಗಳ ಪಾಠವನ್ನು ಬೆರಳಚ್ಚಿಸುವವರಿಗೆ ಅಗತ್ಯವಾದ ‘ೞ’ ಅಕ್ಷರವು ಯೂನಿಕೋಡಿನಲ್ಲಿ ಸೇರಿದೆ. ಆದರೆ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಫ’ಕಾರವನ್ನು ಸೂಚಿಸುವಂತೆ ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮದಿಂದಾಗಿ ಆ ತಪ್ಪು ಹಾಗೆಯೇ ಉಳಿದಿದೆ. ಕಲ್ಲಿನಲ್ಲಿ ಕೊರೆದದ್ದಕ್ಕೆ ಮಾತ್ರ ಸ್ಥಿರತೆ ಇರುತ್ತದೆ ಎಂದು ಭಾವಿಸುವವರು ಈ ಪ್ರಸಂಗವನ್ನು ನೆನೆಯಬಹುದು.

ತಾಂತ್ರಿಕ ತಡೆ ಸರಿದ ಮೇಲೆ ಉಳಿದದ್ದು ಭಾಷಿಕ ಪ್ರಶ್ನೆ. ಸಂಪಾದಕರಿಲ್ಲದೆ, ಪುಟಮಿತಿಯಿಲ್ಲದೆ, ಯಾರು ಬೇಕಾದರೂ ಬರೆಯಬಹುದಾದಾಗ ಹೇಗೆ ಬರೆಯಬೇಕು? ಒಂದು ಕಡೆ ಡಿ. ಎನ್. ಶಂಕರ ಭಟ್ಟರ ವಿಚಾರಗಳಿಂದ ಪ್ರೇರಿತರಾಗಿ ಮಹಾಪ್ರಾಣಗಳನ್ನು ಬಿಟ್ಟು ಬರೆಯುವವರು ಕಾಣಿಸಿಕೊಂಡರು. ಮತ್ತೊಂದು ಕಡೆ ಅದನ್ನು ಭಾಷೆಯ ನಾಶವೆಂದು ಕಂಡವರು ಇದ್ದರು. ಚರ್ಚೆ ಬಹುಪಾಲು ವರ್ಣಮಾಲೆಯ ಮತ್ತು ಶಬ್ದಕೋಶದ ಸುತ್ತ ನಡೆಯಿತು. ಸನ್ನಿವೇಶಸೂಚಕಗಳು ಅಲ್ಲಿಯೂ ಗಮನಕ್ಕೆ ಬರಲಿಲ್ಲ.

6. ತಿದ್ದುಪಡಿ ಎಲ್ಲಿ ಬೇಕು

ಮೇಲಿನ ವಾದವನ್ನು ಸ್ಪಷ್ಟಪಡಿಸಲು ಮೂರು ವಾಕ್ಯಗಳನ್ನು ನೋಡೋಣ. ಇವು ಚರ್ಚೆಗಾಗಿ ರಚಿಸಿದ ವಾಕ್ಯಗಳು.

(ಅ) ಡ್ಯಾಂ ತುಂಬಿದ ವರ್ಷ ನಮ್ಮೂರಾಗ ಈ ಕಡಿ ಜಾತ್ರಿ ನಡೀಲಿಲ್ಲ.

(ಆ) ಅಣೆಕಟ್ಟು ತುಂಬಿದ ವರ್ಷ ನಮ್ಮೂರಿನಲ್ಲಿ ಈ ಕಡೆ ಜಾತ್ರೆ ನಡೆಯಲಿಲ್ಲ.

(ಇ) ಹೊಸಪೇಟಿ ಹತ್ರ ತುಂಗಭದ್ರಾಕ್ಕ ಕಟ್ಟಿದ ಡ್ಯಾಂ ಮೊದಲ ಸಲ ತುಂಬಿದ ವರ್ಷ, ಹೊಳಿ ದಂಡಿಮ್ಯಾಗಿನ ನಮ್ಮ ಊರಾಗ ಜಾತ್ರಿ ನಡೀಲಿಲ್ಲ.

ತರಗತಿಯ ಕೆಂಪು ಶಾಯಿ (ಅ)ವನ್ನು (ಆ) ಆಗಿ ಮಾರ್ಪಡಿಸುತ್ತದೆ. ‘ಊರಾಗ’ ಹೋಗಿ ‘ಊರಿನಲ್ಲಿ’ ಬಂದಿದೆ. ‘ಜಾತ್ರಿ’ ಹೋಗಿ ‘ಜಾತ್ರೆ’ ಬಂದಿದೆ. ‘ಡ್ಯಾಂ’ ಕೂಡ ‘ಅಣೆಕಟ್ಟು’ ಆಗಿದೆ. ಆದರೆ ದೂರದ ಓದುಗರಿಗೆ (ಅ)ದಲ್ಲಿ ತಿಳಿಯದೆ ಇದ್ದದ್ದು (ಆ)ದಲ್ಲಿಯೂ ತಿಳಿಯುವುದಿಲ್ಲ. ಯಾವ ಅಣೆಕಟ್ಟು, ಎಷ್ಟನೆಯ ಸಲ ತುಂಬಿದ್ದು, ಯಾವ ಕಡೆ? (ಇ)ದಲ್ಲಿ ಒಂದೇ ಒಂದು ಪ್ರಾದೇಶಿಕ ರೂಪವನ್ನೂ ತಿದ್ದಿಲ್ಲ. ಆದರೆ ಅಣೆಕಟ್ಟು ಯಾವುದೆಂದೂ ವರ್ಷ ಯಾವುದೆಂದೂ ಊರು ಎಲ್ಲಿದೆಯೆಂದೂ ತಿಳಿಯುತ್ತದೆ. ‘ದಂಡಿಮ್ಯಾಗಿನ’ ಎಂಬ ರೂಪವನ್ನು ಚಾಮರಾಜನಗರದ ಓದುಗರು ಒಂದು ಕ್ಷಣ ನಿಂತು ಓದಬೇಕಾಗಬಹುದು, ಆದರೂ ಅದು ಅರ್ಥವಾಗುತ್ತದೆ. ‘ಈ ಕಡೆ’ ಎಂಬುದನ್ನು ಎಷ್ಟು ಹೊತ್ತು ನಿಂತು ಓದಿದರೂ ಅರ್ಥವಾಗದು. ಉಪಭಾಷೆಯ ರೂಪವು ಓದನ್ನು ನಿಧಾನಗೊಳಿಸುತ್ತದೆ. ಬಿಡಿಸದ ಸನ್ನಿವೇಶಸೂಚಕವು ಓದನ್ನು ನಿಲ್ಲಿಸಿಬಿಡುತ್ತದೆ. ಈ ವ್ಯತ್ಯಾಸವೇ ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ.

ಸ್ಥಳನಾಮಗಳೇ ಇದಕ್ಕೆ ಪುಷ್ಟಿ ಕೊಡುತ್ತವೆ. ‘ಪಂಪಾ’ ಎಂಬುದರಿಂದ ಪಕಾರವು ಹಕಾರವಾಗಿ ‘ಹಂಪೆ’ ಬಂದಿತು. ಪದಾಂತ್ಯದ ಎಕಾರ ಇಕಾರವಾದ ‘ಹಂಪಿ’ ಈ ಸೀಮೆಯ ‘ಮನಿ’, ‘ಹೊಳಿ’ಗಳ ಸಾಲಿನದು. ಇಂದು ನಾಮಫಲಕದಿಂದ ಹಿಡಿದು ವಿಶ್ವಪರಂಪರೆಯ ಪಟ್ಟಿಯವರೆಗೆ ನಿಂತಿರುವುದು ಪ್ರಾದೇಶಿಕ ರೂಪವೇ. ಅದರಿಂದ ಯಾವ ಓದುಗರಿಗೂ ತೊಂದರೆಯಾದಂತಿಲ್ಲ.

7. ‘ನಮ್ಮ’ ಯಾರು

ಸನ್ನಿವೇಶಸೂಚಕಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಉತ್ತಮಪುರುಷ ಬಹುವಚನ. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಂ’. ಮರಾಠಿಯಲ್ಲಿ ‘ಆಪಣ್’ ಮತ್ತು ‘ಆಮ್ಹೀ’. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಕಂಪ್ಲಿಯ ಕ್ಯಾಂಪುಗಳಲ್ಲಿ ತೆಲುಗು ಮನೆಮಾತು. ಸಂಡೂರಿನ ಸಂಸ್ಥಾನದಲ್ಲಿ ಮರಾಠಿ ಆಳುವವರ ಮಾತಾಗಿತ್ತು. ಎರಡು ಕಡೆಯೂ ಭೇದವಿರುವ ಭಾಷೆಗಳ ನಡುವೆ ಭೇದವಿಲ್ಲದ ಕನ್ನಡವಿದೆ.

ಎದುರುಬದುರು ಮಾತಿನಲ್ಲಿ ಕಣ್ಣು, ಕೈ, ದನಿ ಈ ಕೊರತೆಯನ್ನು ತುಂಬುತ್ತವೆ. ಬರಹದಲ್ಲಿ ಅವು ಇಲ್ಲ. ‘ಹಂಪಿಯನ್ನು ನಾವು ಉಳಿಸಿಕೊಳ್ಳಬೇಕು’ ಎಂಬ ವಾಕ್ಯವನ್ನು ನೋಡೋಣ. ಇಲ್ಲಿಯ ‘ನಾವು’ ಕನ್ನಡಿಗರೆಲ್ಲರೇ, ಮನುಕುಲವೇ, ಅಥವಾ ಹಂಪಿಯಲ್ಲಿ ಮನೆ ಮಾಡಿಕೊಂಡಿರುವವರೇ? ಹಂಪಿ 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. 2011ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಆಗ ‘ನಮ್ಮ ಹಂಪಿ’ ಎಂಬ ಎರಡು ಪದಗಳನ್ನು ಪರಂಪರೆಯ ಪರವಾಗಿಯೂ ಹೇಳಬಹುದಿತ್ತು, ಮನೆ ಕಳೆದುಕೊಂಡವರ ಪರವಾಗಿಯೂ ಹೇಳಬಹುದಿತ್ತು. ಮೊದಲನೆಯದು ತೆಲುಗಿಗೆ ಹೋದರೆ ‘ಮನ’ ಆಗುತ್ತದೆ, ಎರಡನೆಯದು ‘ಮಾ’ ಆಗುತ್ತದೆ. ಕನ್ನಡದ ಬರಹದಲ್ಲಿ ಎರಡೂ ಒಂದೇ ರೂಪ ತಾಳುವುದರಿಂದ ದೊಡ್ಡ ‘ನಮ್ಮ’ದೊಳಗೆ ಚಿಕ್ಕ ‘ನಮ್ಮ’ ಸದ್ದಿಲ್ಲದೆ ಕರಗಿಹೋಗುತ್ತದೆ. ದೂರದ ಓದುಗರಿಗೆ ಅಲ್ಲೊಂದು ಭೇದವಿತ್ತು ಎಂಬುದೇ ಗೊತ್ತಾಗುವುದಿಲ್ಲ.

ಭಾಷೆಯಲ್ಲಿ ಇದಕ್ಕೆ ಪರಿಹಾರವಿಲ್ಲವೆಂದಲ್ಲ. ‘ನಾವು ನೀವು’ ಎಂಬ ಜೋಡಿ ಓದುಗರನ್ನು ಒಳಗೊಳ್ಳುತ್ತದೆ. ‘ಇಲ್ಲಿ ಬಾಳುವ ನಾವು’ ಎಂಬ ವಿಶೇಷಣ ಅವರನ್ನು ಗೌರವದಿಂದಲೇ ಹೊರಗಿಡುತ್ತದೆ. ಬರೆಯುವವರು ಈ ಭೇದವನ್ನು ಅರಿತು ಬಳಸಬೇಕಷ್ಟೆ. ಇದನ್ನು ಕಲಿಸುವ ಪಾಠ ಬರವಣಿಗೆಯ ತರಗತಿಯಲ್ಲಿ ಇರಬೇಕು.

8. ಉಪಸಂಹಾರ

ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹತ್ತು ವರ್ಷ ಹಿಂದಿನ ಬರಹದಲ್ಲಿ ‘ನಮ್ಮ ಜಿಲ್ಲೆ’ ಎಂದು ಓದುವವರು ಇಂದು ಯಾವ ಜಿಲ್ಲೆ ಎಂದು ಕೇಳಲೇಬೇಕಾಗಿದೆ. ಕಾಣದ ಓದುಗರೆಂದರೆ ದೂರದ ದೇಶದವರು ಮಾತ್ರವಲ್ಲ, ನಮ್ಮದೇ ಊರಿನ ಮುಂದಿನ ತಲೆಮಾರಿನವರೂ ಹೌದು. ಶಾಸನವನ್ನು ಬರೆದವರಿಗೆ ಇದು ಗೊತ್ತಿತ್ತು.

ಈ ಚರಿತ್ರೆಯಿಂದ ಬೋಧನೆಗೆ ದೊರೆಯುವ ಸೂಚನೆ ಸರಳವಾದುದು. ತಮ್ಮ ಊರಿನ ಬಗ್ಗೆ ಬರೆಯುವ ಸಂಶೋಧನ ವಿದ್ಯಾರ್ಥಿಯ ಕರಡನ್ನು ತಿದ್ದುವಾಗ ಮೊದಲು ‘ಈ, ಆ, ಇಲ್ಲಿ, ಅಲ್ಲಿ, ಈಗ, ಆಗ, ನಾವು, ನಮ್ಮ’ ಎಂಬ ಪದಗಳ ಕೆಳಗೆ ಗೆರೆ ಎಳೆಯಬೇಕು. ಪ್ರತಿಯೊಂದಕ್ಕೂ ‘ಯಾವುದು, ಎಲ್ಲಿ, ಯಾವಾಗ, ಯಾರು’ ಎಂದು ಕೇಳಬೇಕು. ಎಲ್ಲಿ ‘ಎಂಬ’ ಬೇಕು, ಎಲ್ಲಿ ‘ಅಂದರೆ’ ಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ. ‘ಊರಾಗ’ವನ್ನು ‘ಊರಿನಲ್ಲಿ’ ಮಾಡಬೇಕೇ ಎಂಬ ಪ್ರಶ್ನೆಯನ್ನು ಅನಂತರ, ಬರಹದ ಪ್ರಕಾರವನ್ನೂ ಬರೆಯುವವರ ಇಚ್ಛೆಯನ್ನೂ ನೋಡಿ ನಿರ್ಧರಿಸಬಹುದು. ಸಂಡೂರಿನ ತಾಂಡಾದಿಂದ ಬಂದ ಲಂಬಾಣಿ ವಿದ್ಯಾರ್ಥಿನಿಗೆ, ಕಂಪ್ಲಿಯ ಕ್ಯಾಂಪಿನಿಂದ ಬಂದ ತೆಲುಗು ಮನೆಮಾತಿನ ವಿದ್ಯಾರ್ಥಿಗೆ ಈ ಅನುಕ್ರಮ ಬಹಳ ಮುಖ್ಯ. ಮೊದಲ ದಿನವೇ ‘ನಿನ್ನ ಕನ್ನಡ ಸರಿಯಿಲ್ಲ’ ಎಂದು ಕೇಳಿಸಿಕೊಂಡವರು ಬರೆಯುವುದನ್ನೇ ಬಿಡುತ್ತಾರೆ. ‘ಇದು ಯಾವ ಹೊಳೆ’ ಎಂದು ಕೇಳಿಸಿಕೊಂಡವರು ಇನ್ನೊಂದು ವಾಕ್ಯ ಬರೆಯುತ್ತಾರೆ.